ತಗಡಿನ ಮ್ಯಾಲಿನ ಹದಿನೇಳು ಗುರುತು

ನಿಮ್ಮ ಮನಿಯವರು ತಗಡಿನ ಮ್ಯಾಲ ಹತ್ತಿ ಕುಂತಾಗ, ಸಪ್ಪಳ ಆಗದಂಗ ಏಣಿ ತಗದು ಗ್ವಾಡಿಗೆ ಆನಿಸಿಟ್ಟು, ಕೆಳಗ ಬಂದು ಫ್ಯಾನ್ ಹಚ್ಚಿಕೊಂಡು ಆರಾಮ ಮಲಕೋಬೇಕು ಅಂತ ನಿಮಗ ಎಂದಾದ್ರೂ ಅನಿಸೇತೇನ್ರಿ? ಖರೇ ಹೇಳ್ರಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.

ನನಗಂತೂ ಅನಿಸೇತಿ. ಹೋದ ವರ್ಷ ಬ್ಯಾಸಿಗ್ಯಾಗ ದಿನಕ್ಕ ಎರಡು ಸಲ ಅನಿಸ್ತಿತ್ತು. ಒಮ್ಮೆ ಏಣಿಗೆ ಕೈನೂ ಹಚ್ಚಿದ್ದೆ. ಆದ್ರ ಊಟದ ಹೊತ್ತಾಗಿತ್ತು, ಅವರಿಗೆ ಶುಗರ್ ಐತಿ, ಹೋಗ್ಲಿ ಅಂತ ಬಿಟ್ಟೆ.

ಇದೆಲ್ಲಾ ಈಗ್ಯಾಕ ನೆನಪಾತು ಅಂದ್ರ, ಇವತ್ತ ಮುಂಜಾನೆ ಅರಿವಿ ಮಷೀನಿಗೆ ಹಾಕೂಮುಂದ ಅವರ ಅಂಗಿ ಕಿಸೆದಾಗ ಖಡುವಿನ ತುಂಡು ಸಿಕ್ತು. ಸಾಲಿ ಮಾಸ್ತರು ಹಲಗಿ ಮ್ಯಾಲ ಬರೀತಾರಲ್ಲ, ಅದ ಖಡು. ಎಪ್ಪತ್ತೆಂಟು ವರ್ಷದ ಮನಿಷಾ ಕಿಸೆದಾಗ ಖಡು ಇಟಗೊಂಡು ತಿರಗ್ಯಾಡ್ತಾರ ಅಂದ್ರ ನೀವು ನಗ್ತೀರಿ. ನಗ್ರಿ. ನಾ ಐವತ್ತು ವರ್ಷದಿಂದ ಆ ಖಡುವಿನ ಜೋಡಿ ಸಂಸಾರ ಮಾಡಾಕತ್ತೀನಿ, ನನಗ ನಗು ಬರಂಗಿಲ್ಲ. ಮೊಮ್ಮಗಳು ಈ ಫೋನಿನ್ಯಾಗ ಕನ್ನಡ ಬರಿಯೂದು ಕಲಿಸಿ ಹದಿನೈದು ದಿನ ಆತು. ಅಕ್ಕಿಯೊಳಗಿನ ಹರಳು ಆರಿಸಿದಂಗ ಒಂದೊಂದ ಅಕ್ಷರ ಹುಡುಕಿ ಒತ್ತಾಕತ್ತೀನಿ. ಅಂತೂ ಕುಂತು ಸಿಟ್ಟು ತೀರಿಸ್ಕೊಳ್ಳಾಕ ನನಗೂ ಒಂದು ಜಾಗಾ ಸಿಕ್ಕೈತಿ. ಕೇಳ್ರಿ.

ನಮ್ಮ ಮನಿಯವರು ಇಲ್ಲೇ ಹೈದರಾಬಾದಿನ ಒಂದು ಸರಕಾರಿ ಕಾರಖಾನಿಯೊಳಗ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ದುಡದು ರಿಟೈರಾದವರು. ಅಲ್ಲಿ ಏನು ತಯಾರಾಗ್ತಿತ್ತೋ ನನಗ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರ "ಅದು ಸೀಕ್ರೆಟ್" ಅಂತಾರ, ನಾನೇನೋ ಮಗ್ಗಲ ದೇಶದ ಗೂಢಚಾರಿಣಿ ಅನ್ನೂವಂಗ. ನನಗ ಗೊತ್ತಿದ್ದದ್ದು ಇಷ್ಟ: ಮಂದಿ ಮಾಡಿದ ವಸ್ತುವಿನ ಸುತ್ತ ತಿರಗಿ, ಎಲ್ಲಿ ಐಬು ಕಂಡ್ತೋ ಅಲ್ಲಿ ಖಡುಲೆ ದುಂಡಗ ಒಂದು ಗುರುತು ಹಾಕಿ, ಅದರೊಳಗ ನಂಬರ್ ಬರದು, ಕೈ ಹಿಂದ ಕಟಗೊಂಡು ನಿಂದ್ರೂದು. ರಿಪೇರಿ ಅವರ ಕೆಲಸ ಅಲ್ಲ. ಬ್ಯಾರೇದವರ ಕೆಲಸ.

ಕಾರಖಾನಿ ಬಿಡ್ತು, ಖಡು ಬಿಡಲಿಲ್ಲ. ಹೊಸಾ ಕಪಾಟು ತರಿಸಿದ್ವಿ. ಹೊತ್ತು ತಂದ ಹಮಾಲ ಅದನ್ನ ಇನ್ನ ನೆಲಕ್ಕ ಇಳಿಸಿರಲಿಲ್ಲ, ಇವರು ನಾಲ್ಕು ಗುರುತು ಹಾಕಿ ಮುಗಿಸಿದ್ರು. ಆ ಹಮಾಲ ಪಾಪ ಕಪಾಟು ಬೆನ್ನ ಮ್ಯಾಲ ಇಟಗೊಂಡ ನಿಂತು, "ಅಮ್ಮಾ, ಇಳಸಲೋ ವಾಪಸ್ ಒಯ್ಯಲೋ?" ಅಂತ ನನ್ನ ಮಾರಿ ನೋಡಿದ. ಕಲ್ಲಂಗಡಿ ಹಣ್ಣಿಗೂ ಗುರುತು ಹಾಕ್ಯಾರ. ಸುಳ್ಳಲ್ಲ. ನನಗ ಇನ್ನ ಹಾಕಿಲ್ಲ, ಜಾಗಾ ಸಾಲವಲ್ದು ಅಂತ ಕಾಣಸ್ತೈತಿ.

ಈಗ ತಗಡಿನ ಮಾತಿಗೆ ಬರ್ತೀನಿ. ನಾವಿರೂದು ದಿಲ್‌ಸುಖ್‌ನಗರದ ಹಿಂದಿನ ಒಂದು ಹಳೇ ಕಾಲನಿಯೊಳಗ. ಮಾಳಿಗಿ ಮ್ಯಾಲ ನಮ್ಮದೊಂದು ತಗಡಿನ ಶೆಡ್ ಐತಿ. ಮನಿ ಕಟ್ಟಿಸಿದಾಗ ಹಾಕಿಸಿದ್ದು. ಅದರ ಅಂಚಿಗೆ ಒಂದು ಪೈಪು, ಪೈಪಿನ ತುದಿಗೆ ಒಂದು ದೊಡ್ಡ ಡ್ರಮ್ಮು. ಮಳಿ ಬಿತ್ತಂದ್ರ ತಗಡಿನ ನೀರೆಲ್ಲಾ ಇಳದು ಡ್ರಮ್ಮಿಗೆ ಬರ್ತೈತಿ. ಅದು ನನ್ನ ಅಡಗಿ ನೀರು.

ಬೋರಿನ ನೀರು ಐತಿ, ಇಲ್ಲಂತಲ್ಲ. ಆದ್ರ ಅದರಾಗ ತೊಗರಿ ಬ್ಯಾಳಿ ಬೇಯಿಸಿ ನೋಡ್ರಿ. ಕುಕ್ಕರು ಎಂಟು ಸೀಟಿ ಹೊಡದು ದಣದು ಕುಂದ್ರತೈತಿ, ಬ್ಯಾಳಿ ಮಾತ್ರ ಹಿಂದಿನ ಬೆಂಚಿನ ಹುಡುಗರಂಗ ಹಂಗ ಕುಂತಿರ್ತಾವ. ಅದ ಬ್ಯಾಳಿ ಮಳಿನೀರಾಗ ಹಾಕ್ರಿ, ಮೂರನೇ ಸೀಟಿಗೆ ಬೆಣ್ಣಿ. ಕಡಗೋಲು ಹಚ್ಚೂ ಕೆಲಸ ಇಲ್ಲ, ಚಮಚದ ಬೆನ್ನಿಲೆ ಒತ್ತಿದ್ರ ಮುಗೀತು.

ಇದು ನನ್ನ ಅವ್ವ ಕಲಿಸಿದ ಹುಚ್ಚು. ನನ್ನ ತವರಮನಿ ಲಿಂಗಸೂಗೂರ ಕಡೆ. ಬಾವಿ ನೀರು ಸವಳು. ನಮ್ಮಪ್ಪ ಅಡತಿ ಅಂಗಡಿಯೊಳಗ ಗುಮಾಸ್ತ. ಊರಿಗೆಲ್ಲಾ ಮಣ್ಣಿನ ಮಾಳಿಗಿ, ಆ ಅಂಗಡಿಗೊಂದ ತಗಡು. ತಗಡಿನ ಮ್ಯಾಲ ಮಳಿ ಬಡಿಯಾಕ ಶುರು ಆತಂದ್ರ ಒಳಗ ರೇಟು ಕೂಗೂ ದಲಾಲರ ಬಾಯಿ ಬಂದ್. ಬಾಯಿ ಆಡ್ತಿತ್ತು, ಸಪ್ಪಳ ಕೇಳತಿದ್ದಿಲ್ಲ. ವರ್ಷದಾಗ ತನಗ ರಜಾ ಸಿಗೂದು ಆ ಹೊತ್ತಿನ್ಯಾಗ ಅಷ್ಟ ಅಂತ ಅಪ್ಪ ಲೆಕ್ಕಣಿಕಿ ಕಿವಿಗೆ ಸಿಗಸ್ಕೊಂಡು ಗ್ವಾಡಿಗೆ ಆನಿಕೊಂಡು ಕುಂದ್ರತಿದ್ದ. ಅವ್ವ ನನ್ನ ಕೈಯಾಗ ಕೊಡ ಕೊಟ್ಟು ಅಂಗಡಿ ಅಂಚಿಗೆ ಓಡಸ್ತಿದ್ಲು. ಆದ್ರ ಮೊದಲನೇ ಮಳಿಗಲ್ಲ. ಮೊದಲನೇ ಮಳಿ ತಗಡು ತೊಳ್ಯಾಕ, ಎರಡನೇದು ದನಕ್ಕ ಗಿಡಕ್ಕ, ಮೂರನೇ ಮಳಿ ನೀರು ಒಲಿ ಮ್ಯಾಲ. ಇದು ಅವ್ವನ ಕಾಯ್ದೆ. ನಾ ಒಮ್ಮೆ ತಡಕೊಳ್ಳಲಾರದ ಮೊದಲನೇ ಮಳಿ ನೀರಿಗೇ ಬೊಗಸಿ ಒಡ್ಡಿ ಕುಡದೆ. ಎರಡು ದಿನ ಬಾಯಾಗ ಪಾರಿವಾಳದ ಗೂಡು ಕಟ್ಟಿದಂಗಾಗಿತ್ತು. ಅವ್ವ ಬೈಲಿಲ್ಲ. "ರುಚಿ ಹೆಂಗಿತ್ತು?" ಅಂತ ಬರೋರ ಹೋಗೋರ ಮುಂದ ಕೇಳಿದ್ಲು.

ಇರ್ಲಿ. ಹೈದರಾಬಾದಿಗೆ ಬರ್ರಿ. ಹೋದ ವರ್ಷದ ಹಿಂದಿನ ಮಳಿಗಾಲದಾಗ ನಮ್ಮ ಡ್ರಮ್ಮಿನ್ಯಾಗ ನೀರು ಕೆಂಪಗ ಬರಾಕ ಹತ್ತಿತು. ಇಟ್ಟಂಗಿ ಪುಡಿ ಕಲಿಸಿದಂಗ. ತಗಡು ಮುದಕಾಗಿ ತುಕ್ಕು ಹಿಡದಿತ್ತು. ಒಂದು ದಿನ ನಳ ಬರಲಿಲ್ಲ ಅಂತ ನಮ್ಮ ಸೊಸಿ ವಿದ್ಯಾ ಆ ನೀರಿನ್ಯಾಗ ತನ್ನ ಬಿಳೇ ಕುರ್ತಾ ಅದ್ದಿ ತಗದ್ಲು. ಅದು ಅವತ್ತಿನಿಂದ ಬಿಳೇದಲ್ಲ.

ನನ್ನ ಮಗ ರಾಘು, ಮಾದಾಪುರದಾಗ ಆಫೀಸು, ದಿನಾ ಮೆಟ್ರೋದಾಗ ನಿಂತ ಹೋಗಿ ನಿಂತ ಬರ್ತಾನ. ಸಂಜಿಕೆ ಬಂದಾಂವ ಕುರ್ತಾ ನೋಡಿದ, ಡ್ರಮ್ಮು ನೋಡಿದ.

"ಅವ್ವಾ, ಸಾಕಿನ್ನ. ಈ ಶೆಡ್ ತಗಸ್ತೀನಿ. ಅಲ್ಲೊಂದು ಖೋಲಿ ಕಟ್ಟಿಸಿದ್ರ ಹುಡುಗಿಗೆ ಓದಾಕರೆ ಆಗ್ತೈತಿ."

"ಮತ್ತ ನನ್ನ ನೀರು?"

"ಕ್ಯಾನಿನ ನೀರು ಬಾಗಲಿಗೆ ಬರ್ತೈತಲ್ಲ."

"ಅದನ್ನ ನೀ ಕುಡಿ. ನಾ ಬ್ಯಾಳಿ ಬಗ್ಗೆ ಮಾತಾಡಾಕತ್ತೀನಿ."

"ಬ್ಯಾಳಿ ಸಲುವಾಗಿ ಯಾರರೆ ಮಾಳಿಗಿ ಇಡ್ತಾರೇನವ್ವಾ!"

ಸೊಸಿ ನಡಕ ಬಂದ್ಲು. "ಅತ್ತಿ, ಮುಂದಿನ ಮಳಿಗಾಲದೊಳಗ ತಗಡು ಕೆರಿಸಿ ಹೊಸಾ ಬಣ್ಣಾ ಹಚ್ಚಿಸ್ರಿ. ನಿಮ್ಮ ಮೂರನೇ ಮಳಿ ನೀರು ಸ್ವಚ್ಛ ಬಂದ್ರ ಶೆಡ್ ನಿಮ್ಮದು. ಕೆಂಪ ಬಂದ್ರ ಅವರು ತಗಸ್ಲಿ." ಮಗ ಹೂಂ ಅಂದ. ನಾನೂ ಹೂಂ ಅಂದೆ. ಅಷ್ಟಕ್ಕ ಸುಮ್ಮನಿದ್ರ ಎಲ್ಲಾ ಛಲೋ ಇತ್ತು. ಮೂಲಿಯೊಳಗ ಪೇಪರ್ ಓದಾಕತ್ತಿದ್ದ ನಮ್ಮ ಮನಿಯವರು ಪೇಪರ್ ಮಡಚಿ ಅಂದ್ರು: "ಈ ಕೆಲಸಾ ನಾ ನೋಡ್ಕೋತೀನಿ."

ನಾ ಹೋಗಿ ಏಣಿ ಗಟ್ಟಿ ಐತೇನು ಅಂತ ಅಲಗಾಡಿಸಿ ನೋಡಿದೆ.

ಉಗಾದಿ ಆದ ಮರುದಿನದಿಂದ ಅವರ ತಪಾಸಣೆ ಚಾಲೂ. ಏಣಿ ಹಾಕ್ಕೊಂಡು, ತಲಿಗೆ ಟವೆಲ್ ಸುತಗೊಂಡು, ಕೈಯಾಗ ದಪ್ಪ ಗಾಜಿನ ಭೂತಕನ್ನಡಿ ಹಿಡಕೊಂಡು ತಗಡಿನ ಮ್ಯಾಲ. ಕೆಳಗ ಏಣಿ ಹಿಡಕೊಂಡು ನಾನು. ಬಿಸಲಿಗೆ ತಗಡು ರೊಟ್ಟಿ ಹಂಚಿನಂಗ ಕಾದಿರ್ತಿತ್ತು. "ಇಳೀರಿ" ಅಂದ್ರ "ಹದಿಮೂರನೇದು ಸಿಕ್ತು" ಅಂತಿದ್ರು. ಮೊಳಿ ಹೊಡದಲ್ಲೆಲ್ಲಾ ಸಣ್ಣ ಸಣ್ಣ ತೂತು ಬಿದ್ದಿದ್ವಂತ. ಒಂದೊಂದಕ್ಕೂ ದುಂಡನ ಗುರುತು, ಒಳಗ ನಂಬರು. ಒಟ್ಟು ಹದಿನೇಳು.

ಬಣ್ಣದ ಕಥಿ ಬ್ಯಾರೇನ ಐತಿ. ದಿಲ್‌ಸುಖ್‌ನಗರದ ಮೂರು ಅಂಗಡಿಯೊಳಗ ಡಬ್ಬಿ ತಿರುವಿ ಮುರುವಿ ಭೂತಕನ್ನಡಿಲೆ ಓದಿ ವಾಪಸ್ ಕೊಟ್ರು. ಕುಡಿಯೋ ನೀರು ಹರಿಯೂ ತಗಡಿಗೆ ನಡೀತೈತಿ ಅಂತ ಡಬ್ಬಿ ಮ್ಯಾಲ ಬರದಿರಬೇಕು, ಸೀಸ ಇಲ್ಲಂತ ಬರದಿರಬೇಕು. ಇದು ಅವರು ಅಂದದ್ದು ಖರೇ, ನಾ ಒಪ್ತೀನಿ. ಆದ್ರ ಅಂಗಡಿಯಾಂವ "ಅಂಕುಲ್, ಸೀಸ ಇಲ್ಲಂಡಿ" ಅಂದ್ರ, ಆ ಮಾತು ಬರದ ಕೊಡು ಅಂತ ಕುಂತ್ರ ಹೆಂಗ್ರಿ? ನಾಲ್ಕನೇ ಅಂಗಡಿಯೊಳಗ ಡಬ್ಬಿ ಸಿಕ್ಕಿತು. ಅಂಗಡಿಯಾಂವ ನಮ್ಮನ್ನ ಬೀಳಕೊಟ್ಟ ರೀತಿ ನೋಡಿ ಇನ್ನೊಮ್ಮೆ ಆ ಓಣಿಗೆ ಕಾಲಿಡಬಾರದು ಅಂತ ತಿಳ್ಕೊಂಡೆ.

ಪೇಂಟರಗಳು ಬಂದ್ರು. ಮೊದಲನೇ ಆಂವ ತೆಲುಗಿನಾಂವ. ಏಣಿ ಹತ್ತಿ ಆ ಗುರುತು ನಂಬರು ನೋಡಿದ. "ಇದಿ ಪೇಂಟ್ ಪನಿ ಕಾದಮ್ಮಾ" ಅಂದ. ಇದು ಬಣ್ಣದ ಕೆಲಸ ಅಲ್ಲ, ಬ್ಯಾರೆ ಏನೋ ಐತಿ ಅಂತ ಅವನಿಗೆ ಅನಿಸಿರಬೇಕು. ಹ್ವಾದಾಂವ ಬರಲಿಲ್ಲ. ಎರಡನೇ ಆಂವ ಹಳೇ ಶಹರದಿಂದ ಬಂದಾಂವ, ಭಾಳ ನಮ್ರ. ನಮ್ಮವರು ಅವನ ಬಾಜೂಕ ನಿಂತು ನಂಬರ್ ಒಂದರಿಂದ ಹದಿನೇಳರ ತನಕ ವಿವರಿಸಿದ್ರು. ಎಲ್ಲಾ ಕೇಳಿದ. ಕೇಳಿ ಕೈ ಮುಗದು, "ನಕ್ಕೋ ಸಾಬ್" ಅಂದು, ಈ ಕೆಲಸ ಬ್ಯಾಡಂತ ಇಳದ.

"ಸೋಂಬೇರಿಗಳು" ಅಂದ್ರು ನಮ್ಮವರು.

"ಹೌದ್ರಿ, ನೀವೊಬ್ಬರ ಶಾಣ್ಯಾ" ಅಂದೆ ನಾನು.

ಮೇ ತಿಂಗಳು ಮುಗೀತು. ದಿನಾ ಮಧ್ಯಾಹ್ನ ಮೂಡಣ ದಿಕ್ಕಿಗೆ ಮೋಡ. ಮಗ ಒಂದು ದಿನ ಮಾಳಿಗಿ ಮ್ಯಾಲ ಟೇಪು ಹಿಡಕೊಂಡು ಉದ್ದ ಅಗಲ ಅಳೀತಿದ್ದ. "ಸುಮ್ಮನ ನೋಡಾಕತ್ತೀನವ್ವಾ" ಅಂದ. ಸುಮ್ಮನ ಯಾರು ಟೇಪು ಹಿಡೀತಾರ? ನನಗ ಅವತ್ತ ಊಟ ಸೇರಲಿಲ್ಲ.

ಆಗ ಬಾಜೂ ಮನಿಯಿಂದ ಒಂದು ದನಿ ಕೇಳ್ತು: "ಏಣಿ ಹಿಡಕೋ ಅಂದ್ರ ಆಕಾಶ ನೋಡ್ತಿಯಲ್ಲೋ!" ಕನ್ನಡ! ಹೆಣಮಗಳು ಗ್ವಾಡಿಗೆ ಬಣ್ಣಾ ಹಚ್ಚಾಕತ್ತಿದ್ಲು, ಕೆಳಗ ಗಂಡ ಶಿವಪ್ಪ ಏಣಿ ಹಿಡದಿದ್ದ. ನನ್ನ ಹಣೇಬರಾನ ಉಲ್ಟಾ ಬರದಂಗಿತ್ತು. ನೋಡಿ ಜೀವಾ ತಂಪಾತು.

"ಯಾವೂರವಾ ನಿಂದು?"

"ಯಾದಗಿರಿ ಕಡೆ ರೀ ಆಯಿ. ಮಲ್ಲಮ್ಮ ಅಂತಾರ್ರಿ ನನಗ."

"ತಗಡಿಗೆ ಬಣ್ಣಾ ಹಚ್ತಿ ಏನು?"

"ಯಾಕ ಹಚ್ಚಂಗಿಲ್ರಿ? ಕೆರದು, ತೊಳದು, ಪ್ರೈಮರ್ ಬಡದು, ಮ್ಯಾಲ ಎರಡು ಕೋಟು ಎಳೀತೀನ್ರಿ. ಒಂದ ಮಾತು. ಮಗ್ಗಲಿಗೆ ನಿಂತ ತಲಿ ತಿನ್ನೋರು ಯಾರೂ ಇರಬಾರದ್ರಿ."

ನಾ ನಮ್ಮ ಮಾಳಿಗಿ ಕಡೆ ನೋಡಿದೆ. ಟವೆಲ್ ಸುತ್ತಿದ ತಲಿ ಕಾಣಸಾಕತ್ತಿತ್ತು. "ಯಾರೂ ಇರಂಗಿಲ್ಲವಾ" ಅಂದೆ. ದೇವರು ಕ್ಷಮಾ ಮಾಡ್ಲಿ.

ಸೋಮವಾರಕ್ಕ ಬರ್ತೀನಿ ಅಂದ್ಲು. ರವಿವಾರ ನಮ್ಮವರು ಹಳೇ ಗೆಳೆಯರ ಜೋಡಿ ಊಟಕ್ಕ ಬೇಗಂಪೇಟೆಗೆ ಹೋದ್ರು. ನಾ ಮನ್ಯಾಗ ಕುಂತು ವಿಚಾರ ಮಾಡಿದೆ. ಆ ಹದಿನೇಳು ಗುರುತು ನೋಡಿ ಇಬ್ಬರು ಓಡಿ ಹೋಗ್ಯಾರ. ಮಲ್ಲಮ್ಮನೂ ಓಡಿದ್ರ? ಮ್ಯಾಲ ಮೋಡ, ಕೆಳಗ ಟೇಪು.

ಎದ್ದೆ. ನೆಲಾ ಒರಸೂ ಕೋಲಿಗೆ ಹಸಿ ಅರಿವಿ ಸುತ್ತಿ, ಶೆಡ್ಡಿನ ಬಾಜೂಕ ಸ್ಟೂಲ್ ಇಟ್ಟು ಹತ್ತಿದೆ. ಈ ಮೊಣಕಾಲಿನ ಮ್ಯಾಲ ಗುಡಿ ಮೆಟ್ಟಲಾ ಹತ್ತಾಕ ಆಗಂಗಿಲ್ಲ ಅಂತ ಮಂದಿ ಮುಂದ ಅಳ್ತೀನಿ, ಅವತ್ತ ಹೆಂಗ ಹತ್ತಿದ್ನೋ! ಒಂದು ಕಡೆ ಒರಸೂದು, ಇಳಿಯೂದು, ಸ್ಟೂಲ್ ಸರಿಸೂದು, ಮತ್ತ ಹತ್ತೂದು. ಹದಿನೇಳೂ ಒರಸಿದೆ. ಬಾಜೂ ಮನಿಯಾಕಿ ಕಿಟಕ್ಯಾಗಿಂದ "ಆಂಟಿ, ಏಂ ಚೇಸ್ತುನ್ನಾರು?" ಏನ ಮಾಡಾಕತ್ತೀರಿ ಅಂತ ಕೇಳಿದ್ಲು. "ಧೂಳಾಗಿತ್ತು" ಅಂದೆ. ತುಕ್ಕು ಹಿಡದ ತಗಡಿನ ಧೂಳಾ ಒರಸೂ ಮುದಕಿ! ಆಕಿ ಕಿಟಕಿ ಹಾಕ್ಕೊಂಡ್ಲು.

ಸಂಜಿಕೆ ನಮ್ಮವರು ಬಂದ್ರು. ಸೀದಾ ಮ್ಯಾಲ ಹೋದ್ರು. ನಾ ಅಡಗಿಮನ್ಯಾಗ ಕೈಯಾಗ ಲಟ್ಟಣಗಿ ಹಿಡಕೊಂಡು ಕಿವಿಗೊಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಇಳದು ಬಂದ್ರು, ಕೈಕಾಲು ತೊಳಕೊಂಡ್ರು, "ಮಜ್ಜಿಗಿ ಐತೇನು?" ಅಂದ್ರು. ಅಷ್ಟ. ಅವರ ಕಣ್ಣಿನ ಪೊರಿ ತಗಸಿದ್ದು ವ್ಯರ್ಥ ಆತು ಅಂತ ನನಗ ಎಷ್ಟು ಖುಷಿ ಆತಂದ್ರ, ಮಜ್ಜಿಗಿಗೆ ಒಗ್ಗರಣಿ ಹಾಕಿ ಕೊಟ್ಟೆ.

ಮಲ್ಲಮ್ಮ ಬಂದ್ಲು, ಕೆರದ್ಲು, ತೊಳದ್ಲು. ಶಿವಪ್ಪ ಪ್ರೈಮರ್ ಕಲಿಸಿದ. ನಮ್ಮವರು ಛತ್ರಿ ಹಿಡಕೊಂಡು ಖುರ್ಚಿ ಹಾಕ್ಕೊಂಡು ಎದುರಿಗೇ ಕುಂತ್ರು. ಮಲ್ಲಮ್ಮ ನನ್ನ ಕಡೆ ತಿರಗಿ ಹುಬ್ಬು ಏರಿಸಿದ್ಲು. ನಾ ತುಳಸಿಕಟ್ಟಿ ಕಡೆ ನೋಡಿದೆ.

"ಅಜ್ಜಾರ, ನೀವು ಹಿಂಗ ದಿಟ್ಟಿಸಿ ನೋಡಾಕತ್ರ ಬಣ್ಣಾ ನಾಚಿ ಒಣಗಂಗಿಲ್ರಿ" ಅಂದ್ಲು ಆಕಿ.

ನಮ್ಮವರು ನಕ್ಕುಬಿಟ್ರು! ಕಾರಖಾನಿಯೊಳಗ ಯಾರೂ ಹಿಂಗ ಅಂದಿರಲಿಕ್ಕಿಲ್ಲ. ಒಂದು ತಪ್ಪೂ ತಗೀಲಿಲ್ಲ, ನಾಲ್ಕು ದಿನಾ ಸುಮ್ಮನ ಕುಂತ್ರು. ಗುರುವಾರ ತಗಡು ಹಾಲಿನ ಕೆನಿಯಂಗ ಬೆಳ್ಳಗ ಹೊಳೀತಿತ್ತು.

ಶನಿವಾರ ಮೊದಲನೇ ಮಳಿ ಬಂತು. ಪೈಪು ಬಿಚ್ಚಿ ನೀರು ಹೊರಗ ಬಿಟ್ಟೆ, ಅವ್ವನ ಕಾಯ್ದೆ. ಆಮ್ಯಾಲ ಶೆಡ್ಡಿನೊಳಗ ಇಣಕಿ ನೋಡಿದ್ರ ಟಪ್, ಟಪ್, ಟಪ್. ಹದಿನೇಳು ಕಡೆ. ಬಣ್ಣಾ ತಗಡಿನ ಮ್ಯಾಲ ಕುಂದ್ರತೈತಿ, ತೂತಿನ ಮ್ಯಾಲ ಎಲ್ಲಿ ಕುಂದ್ರಬೇಕು? ಅದನ್ನ ಮೊದಲ ಅಂಟು ಹಾಕಿ ಮುಚ್ಚಬೇಕಾಗಿತ್ತು. ಅದ್ಕಂತ ಆ ಗುರುತು ಹಾಕಿದ್ದು. ನಾ ಒರಸಿದ್ದು ಧೂಳಲ್ಲ.

ಮನ್ಯಾಗಿನ ಬುಟ್ಟಿ, ಬೋಗೋಣಿ, ಇಡ್ಲಿ ಪಾತ್ರಿ ಎಲ್ಲಾ ಒಯ್ದು ಕೆಳಗ ಇಟ್ಟೆ. ಎರಡನೇ ಮಳಿಗೂ ಹಂಗ. ನೆಲಾ ಒರಸಿ ಒರಸಿ ನಡಾ ಹಿಡೀತು. "ಅತ್ತಿ, ಬೋಗೋಣಿ ಎಲ್ಲಿ?" ಅಂದ್ರ "ಬೆಳಗಾಕ ಇಟ್ಟೀನಿ" ಅಂತಿದ್ದೆ.

ಮೂರನೇ ಮಳಿ ಮಂಗಳವಾರ ಮುಂಜಾನೆ. ಮಗ ಮನ್ಯಾಗ ಇದ್ದ. ಡ್ರಮ್ಮಿನಿಂದ ಒಂದು ಗಾಜಿನ ಗ್ಲಾಸಿನ್ಯಾಗ ನೀರು ಹಿಡದು, ಹಿಂದ ಪೇಪರ್ ಇಟ್ಟು ತೋರಿಸಿದೆ. ಅಕ್ಷರ ಓದಬಹುದಿತ್ತು. ಅಷ್ಟು ತಿಳಿ.

"ಗೆದ್ದಿ ಬಿಡವ್ವಾ" ಅಂದ. ಅಲ್ಲಿಗೇ ಕೆಳಗ ಇಳದಿದ್ರ ಚಂದಿತ್ತು. ಮಳಿ ಜೋರಾತು, ನೆನೀಬಾರದು ಅಂತ ಶೆಡ್ಡಿನೊಳಗ ಹೊಕ್ಕ. ನೆತ್ತಿ ಮ್ಯಾಲ ಟಪ್ ಅಂತು. ಬಾಜೂಕ ಸರದ. ಅಲ್ಲೂ ಟಪ್. ಕೆಳಗ ನೋಡಿದ. ಬುಟ್ಟಿ, ಬೋಗೋಣಿ, ಇಡ್ಲಿ ಪಾತ್ರಿ.

"ಏನವ್ವಾ ಇದು! ಹೊಸಾ ಬಣ್ಣಾ ಹಚ್ಚಿ ಎರಡು ವಾರ ಆಗಿಲ್ಲ! ಇಂಥಾ ಕೆಲಸಾ ಮಾಡ್ಯಾರೇನು ಅವರು? ಹೊರಗಿನ ಗ್ವಾಡಿ ಬಣ್ಣಾನೂ ಆ ಮಲ್ಲಮ್ಮಗ ಹೇಳಿದ್ದೆ. ಬ್ಯಾಡ ಅಂತ ಇವತ್ತ ಫೋನ್ ಮಾಡ್ತೀನಿ. ಮತ್ತ ಈ ಶೆಡ್ಡೂ ಬ್ಯಾಡ, ತಗಸೂದ ಛಲೋ."

ಇಷ್ಟೊತ್ತಿಗೆ ಸೊಸಿನೂ ಬಂದಿದ್ಲು, ನಮ್ಮವರೂ ಛತ್ರಿ ಹಿಡಕೊಂಡು ಬಂದಿದ್ರು. ಖರೇ ಹೇಳ್ತೀನಿ, ನಾಲ್ಕೈದು ಹನಿ ಬೀಳೂತನಕ ನಾ ಲೆಕ್ಕಾ ಹಾಕಿದೆ. ಮಲ್ಲಮ್ಮನ ಮ್ಯಾಲ ಹೋದ್ರ ನನ್ನ ಮಾನ ಉಳೀತೈತಿ. ಆದ್ರ ಆಕಿ ಏಣಿ ಮ್ಯಾಲ ನಿಂತು ಬೆವರು ಒರಸ್ಕೊಳ್ಳೂದು ಕಣ್ಣಮುಂದ ಬಂತು.

"ಆಕಿಗೆ ಯಾಕ ಅಂತಿ? ತೂತಿನ ಗುರುತು ಆಕಿ ನೋಡೇ ಇಲ್ಲ. ನಾ ಒರಸಿಬಿಟ್ಟಿದ್ದೆ."

"ಒರಸಿದ್ದಿ? ಯಾಕ?"

"ನೋಡಿದ್ರ ಓಡಿ ಹೋಗ್ತಾಳ ಅಂತ. ನೀ ಟೇಪು ಹಿಡಕೊಂಡು ತಿರಗ್ಯಾಡ್ತಿದ್ದಿ, ನಾ ಏನ ಮಾಡ್ಲಿ?"

ಮಗ ಅಪ್ಪನ ಮಾರಿ ನೋಡಿದ. ಸೊಸಿ ಮಾವನ ಮಾರಿ ನೋಡಿದ್ಲು. ನಾ ಇಡ್ಲಿ ಪಾತ್ರಿ ನೋಡಿದೆ. ಇವರು ಛತ್ರಿ ಮಡಚಿದ್ರು, ಒಳಗ ಬಂದ್ರು, ಬುಟ್ಟಿ ಸರಿಸಿ ನೋಡಿದ್ರು. "ಇದು ನಂಬರ್ ಮೂರು. ಅದು ಹನ್ನೊಂದು. ಮೂಲ್ಯಾಗಿಂದು ಹದಿನಾರು" ಅಂತ ಬಟ್ಟು ಮಾಡಿ ಒಂದೊಂದ ತೋರಿಸ್ತಾ ಹೋದ್ರು. ಒಂದೂ ತಪ್ಪಲಿಲ್ಲ.

"ಅಪ್ಪಾ, ನಿಮಗ ಗೊತ್ತಿತ್ತು?"

"ಒರಸಿದ ದಿನಾನ ಗೊತ್ತಿತ್ತು. ಸ್ಟೂಲಿನ ಕಾಲಿನ ಗುರುತು ಮಾಳಿಗಿ ತುಂಬ ಧೂಳಿನ್ಯಾಗ ಮೂಡಿದ್ವು."

"ಮತ್ತ ಮಲ್ಲಮ್ಮಗ ಯಾಕ ಹೇಳಲಿಲ್ಲ?"

"ನೀರು ಕೆಂಪ ಬರೂದು ತುಕ್ಕಿನಿಂದ, ತೂತಿನಿಂದಲ್ಲ. ತೂತು ಯಾವಾಗ ಬೇಕಂದ್ರೂ ಮುಚ್ಚಬಹುದು. ಮಳಿಗಿಂತ ಮೊದಲ ಬಣ್ಣಾ ಆಗಬೇಕಿತ್ತು. ನಿಮ್ಮವ್ವನ ಬ್ಯಾಳಿ ಬೇಯಬೇಕಲ್ಲ."

ಮಗ ತಲಿ ಒರಸ್ಕೊಂಡ. "ನಾಳೆ ಬಿಸಲು ಬಿದ್ರ ಮಲ್ಲಮ್ಮಗ ಕರೀರಿ, ಅಂಟು ಹಚ್ಚಿ ಮುಚ್ಚಿ ಕೊಡ್ಲಿ. ಶೆಡ್ ಇರ್ಲಿ. ನೀವಿಬ್ಬರೂ ಕೂಡಿದ್ರ ನಾ ಹೆಂಗ ಗೆಲ್ಲಬೇಕು" ಅಂದು ಕೆಳಗ ಇಳದ. ಸೊಸಿ ತನ್ನ ಬೋಗೋಣಿ ಹೊತಗೊಂಡು ಹೋದ್ಲು.

ನಾವಿಬ್ಬರ ಉಳದ್ವಿ. ನನಗ ಅವರ ಕಾಲು ಎಳೀಬೇಕು ಅಂತ ಬಾಯಿ ತುರಸಾಕತ್ತಿತ್ತು. ಮದಿವ್ಯಾದ ಮ್ಯಾಲ ಇಂಥಾ ಸಂಧಿ ಸಿಕ್ಕೇ ಇರಲಿಲ್ಲ.

"ಏನ್ರಿ ಇನ್‌ಸ್ಪೆಕ್ಟರ್ ಸಾಹೇಬ್ರ, ಐಬು ಕಂಡೂ ಬಾಯಿ ಮುಚ್ಚಿಕೊಂಡು ಪಾಸ್ ಮಾಡಿದ್ದು ನಿಮ್ಮ ಜೀವನದಾಗ ಇದು ಮೊದಲನೇ ಸಲ ಅಲ್ಲೇನು?"

ಅವರು ನನ್ನ ಕಡೆ ತಿರಗಲೂ ಇಲ್ಲ. ಛತ್ರಿ ಬಿಚ್ಚಿ ಮೆಟ್ಟಲ ಕಡೆ ನಡಕೋತ ಅಂದ್ರು:

"ಮೊದಲನೇ ಸಲ ಯಾಕ? ಐವತ್ತು ವರ್ಷದಿಂದ ದಿನಾ ಎರಡು ಹೊತ್ತು ನಿನ್ನ ಚಹಾ ಕುಡ್ಯಾಕತ್ತಿಲ್ಲೇನು?"